ಇಂದಿರಮ್ಮನವರ ಕಣ್ಣು

ಮಹಾಲಕ್ಷ್ಮಿ ಬರೆದ ಮುಖಗಳ ಮೇಲೆ ಕೋಲ್ಕತ್ತದ ಕನ್ನಡಿಗರದು ಒಂದೇ ತಕರಾರು. ಕಪ್ಪಾಯಿತು.

ಅವಳು ಇದ್ದ ಬಣ್ಣವನ್ನೇ ಬರೆಯುತ್ತಿದ್ದಳು. ತಪ್ಪು ಅಲ್ಲೇ ಇತ್ತು. ದೊಡ್ಡ ಸರ್ಕಾರಿ ಕಂಪನಿಯ ಅಧಿಕಾರಿಯೊಬ್ಬರ ಹೆಂಡತಿ ತನ್ನದೊಂದು ಫೋಟೊ ಕೊಟ್ಟು, "ಸ್ವಲ್ಪ ಗ್ಲೋ ಬರ್ಲಿ" ಎಂದಿದ್ದಳು. ಮಹಾಲಕ್ಷ್ಮಿ ಹದಿನೈದು ದಿನ ಕೂತು ಬರೆದಳು. ಆಕೆ ಬಂದು ನೋಡಿದಳು. "ಅಯ್ಯೋ, ಇದು ನಮ್ಮನೆ ಪಾತ್ರೆ ತೊಳೆಯೋಳ ಥರ ಇದೆ" ಎಂದು ನಕ್ಕು, ಬಿಟ್ಟೇ ಹೋದಳು. ಆ ಚಿತ್ರ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಅಕ್ಕಿಡಬ್ಬಿಯ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತು.

ಚಿತ್ರ ಬರೆಯುವ ಜಾಗವೂ ಅಡುಗೆಮನೆಯೇ. ಬೆಳಕು ಬರುವ ಕಿಟಕಿ ಅದೊಂದೇ ಇತ್ತು. ಒಲೆಯ ಮೇಲೆ ಬೇಳೆ, ಒಲೆಯಿಂದ ದೂರಕ್ಕೆ ಟರ್ಪೆಂಟೈನ್ ಬಾಟಲಿ, ನಡುವೆ ಅವಳು. ಕುಕ್ಕರ್ ಕೂಗಿದಾಗ ಕುಂಚ ಹಲ್ಲಲ್ಲಿ ಕಚ್ಚಿಕೊಂಡು ಹೋಗಿ ಆರಿಸುತ್ತಿದ್ದಳು. ನಿಂತು ನಿಂತು ಮೊಣಕಾಲು ಊದುತ್ತಿದ್ದವು. ಉಗುರಿನ ಸಂದಿಯ ನೀಲಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಚಪಾತಿಗೆ ಎಣ್ಣೆಬಣ್ಣದ ವಾಸನೆ ಹತ್ತಿದರೆ ರೈಲ್ವೆ ನೌಕರನಾದ ಗಂಡ ಶರಣಪ್ಪ, "ಇವತ್ತ ಯಾರನ್ನ ತಿನ್ನಾಕತ್ತೀವಿ?" ಎಂದು ಕೇಳುತ್ತಿದ್ದ.

ಅವಳ ಅಪ್ಪ ಕಲಬುರಗಿ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ ಗೋಡೆಗಳಿಗೆ ಬಣ್ಣ ಬರೆಯುತ್ತಿದ್ದ. ಏಪ್ರಿಲ್ ಬಂದರೆ ಸುತ್ತಲಿನ ಕೇರಿಗಳೆಲ್ಲ ಅವನನ್ನೇ ಕರೆಯುತ್ತಿದ್ದವು, ಬಾಬಾಸಾಹೇಬರನ್ನು ಬರೆಯಲು. ಮಗಳು ಏಣಿ ಹಿಡಿಯುತ್ತಿದ್ದಳು. ಆಮೇಲೆ ಕನ್ನಡಕ ಬರೆದಳು. ಆಮೇಲೆ ಕನ್ನಡಕದೊಳಗಿನ ಕಣ್ಣು. ಮುಖ ಬರೆಯುವುದನ್ನು ಅವಳು ಕಲಿತದ್ದು ಹಾಗೆ, ಸುಡುವ ಗೋಡೆಯ ಮೇಲೆ.

ಕೋಲ್ಕತ್ತದಲ್ಲಿ ಗೋಡೆಗಳಿದ್ದವು, ಕರೆಯುವವರಿರಲಿಲ್ಲ. ಇಲ್ಲಿ ಚಿತ್ರ ಬರೆದರೆ ಸಾಲದು, ಬರೆಯುತ್ತೇನೆಂದು ಕೂಗಬೇಕು. ಆ ಕೂಗುವ ಕೆಲಸವನ್ನು ಮಗಳು ಅಕ್ಷರಾ ವಹಿಸಿಕೊಂಡಳು. ಒಂಬತ್ತನೇ ಕ್ಲಾಸಿನ ಹುಡುಗಿ. ಫೋನಿನಲ್ಲಿ ತಾಯಿಯ ಹೆಸರಲ್ಲಿ ಒಂದು ಪೇಜ್ ತೆರೆದಳು.

"ಅಮ್ಮ, ಕ್ಯಾನ್ವಾಸ್ ನೋಡಬ್ಯಾಡ, ಕ್ಯಾಮೆರಾ ನೋಡು. ಸ್ಮೈಲ್ ಮಾಡು."

"ನಗಾಕ ಕುಂತ್ರ ಮೂಗು ಸೊಟ್ಟ ಆಗ್ತದವ್ವಾ. ಈ ಚಿತ್ರದಾಗಿನವರದು."

"ಮೂಗು ಆಮೇಲೆ. ಮೊದಲು ರೀಚ್ ಬೇಕು."

ಪೇಜಿನ ಮೊದಲ ಚಿತ್ರ ಯಾವುದಿರಬೇಕೆಂದು ಅಕ್ಷರಾ ಕೇಳಿದಾಗ ಮಹಾಲಕ್ಷ್ಮಿ ಯೋಚಿಸಲಿಲ್ಲ. ಅಪ್ಪನ ಜೊತೆ ಬರೆದ ಕೊನೆಯ ಗೋಡೆಯ ಫೋಟೊ ಕೊಟ್ಟಳು. ಗೋಡೆಯಲ್ಲಿ ಬಾಬಾಸಾಹೇಬರು, ಗೋಡೆಯ ಕೆಳಗೆ ಬಣ್ಣದ ಡಬ್ಬಿ ಹಿಡಿದ ಅಪ್ಪ.

ಕನ್ನಡ ಸಂಘದ ವಾಟ್ಸಾಪ್ ಗುಂಪಿಗೂ ಒಂದು ಸಂದೇಶ ಹೋಯಿತು. ನಿಮ್ಮ ಪ್ರೀತಿಪಾತ್ರರ ಮುಖವನ್ನು ಎಣ್ಣೆಬಣ್ಣದಲ್ಲಿ ಬರೆದುಕೊಡಲಾಗುವುದು. ಗುಂಪಿನಲ್ಲಿ ಕೈ ಮುಗಿಯುವ ಚಿತ್ರಗಳ ಮಳೆಯಾಯಿತು. ಹೂವು ಬಂತು, ಚಪ್ಪಾಳೆ ಬಂತು, "ಕನ್ನಡತಿ ನಮ್ಮ ಹೆಮ್ಮೆ" ಬಂತು. ಕೆಲಸ ಬರಲಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಅವಳು ಬಾಗಿಲ ಬಳಿ ನಿಂತು ಕಾರ್ಡು ಹಂಚಿದಳು. ಜನ ಅದರಲ್ಲಿ ಹೋಳಿಗೆ ಹಿಡಿದುಕೊಂಡು ತಿಂದರು.

ಕಡೆಗೆ ಫೋನ್ ಮಾಡಿದವರು ಗುಂಡಪ್ಪನವರು.

ಗುಂಡಪ್ಪ ಎಂದರೆ ಸಂಘದ ಅಧ್ಯಕ್ಷರು. ಮೈಸೂರಿನವರು. ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಗರಿಯಾಹಾಟ್ ಹತ್ತಿರ ಫ್ಲ್ಯಾಟು ಕೊಂಡು ನೆಲೆ ನಿಂತವರು. ಎಲ್ಲ ಸಭೆಗಳಲ್ಲೂ ಅವರದು ಒಂದೇ ಭಾಷಣ: ಹೊರನಾಡಿನಲ್ಲಿ ನಮಗೆ ಇರುವುದು ಒಂದೇ ಜಾತಿ, ಕನ್ನಡ ಜಾತಿ. ಭಾಷಣ ಮುಗಿದ ಮೇಲೆ ಊಟದ ಸಾಲಿನಲ್ಲಿ ಹೊಸಬರ ಪಕ್ಕ ನಿಂತು, "ನಿಮ್ಮನೇಲಿ ಗೌರಿಹಬ್ಬ ಹೇಗೆ ಮಾಡ್ತೀರಿ?" ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಉತ್ತರದಲ್ಲಿ ಅವರಿಗೆ ಬೇಕಾದದ್ದು ಸಿಗುತ್ತಿತ್ತು. ರೈಲ್ವೆಯ ಚಿಕ್ಕ ನೌಕರರನ್ನು ಮಾತ್ರ ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ; ಮಹಾಲಕ್ಷ್ಮಿಯನ್ನೂ ಕೇಳಿರಲಿಲ್ಲ.

ಅವರ ತಾಯಿ ಇಂದಿರಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷಾಬ್ದಿಕದ ಮರುದಿನ ನೆಂಟರಿಷ್ಟರಿಗೆ, ಸಂಘದವರಿಗೆ, ನೆರೆಯ ಬಂಗಾಳಿಗಳಿಗೆ ಊಟ. ಅಷ್ಟು ಹೊತ್ತಿಗೆ ಮನೆಯ ಹಾಲ್‌ನ ಗೋಡೆಯಲ್ಲಿ ತಾಯಿಯ ದೊಡ್ಡ ಚಿತ್ರ ಇರಬೇಕು.

ಮಹಾಲಕ್ಷ್ಮಿ ಮೊದಲ ಸಲ ಹೋದಾಗ ಗುಂಡಪ್ಪನವರ ಹೆಂಡತಿ ಕೃಷ್ಣವೇಣಿ ಸ್ಟೀಲ್ ಲೋಟದಲ್ಲಿ, ಬಟ್ಟಲ ಸಮೇತ, ನೊರೆ ಎತ್ತಿದ ಕಾಫಿ ಕೊಟ್ಟರು.

"ಅಮ್ಮ ಫೋಟೊ ತೆಗೆಸ್ಕೊಳ್ತಿರ್ಲಿಲ್ಲ ಕಣಮ್ಮಾ," ಎಂದರು ಗುಂಡಪ್ಪ. "ಇದೊಂದೇ ಇರೋದು."

ಚಿಕ್ಕ ಫೋಟೊ. ಕನ್ನಡಕದ ಗಾಜಿಗೆ ಫ್ಲ್ಯಾಶ್ ಬಡಿದು ಎರಡೂ ಕಣ್ಣು ಬಿಳಿ.

"ಕಣ್ಣು ಕಾಣವಲ್ವಲ್ರಿ."

"ಅದಕ್ಕೇ ಕಲಾವಿದೆಯನ್ನ ಕರೆದದ್ದು! ಫೋಟೊ ದೊಡ್ಡದು ಮಾಡೋಕೆ ಅಂಗಡಿಯವನು ಸಾಕಾಗಿತ್ತು." ತಾವೇ ನಕ್ಕರು. "ಇದು ಚೆನ್ನಾಗಿ ಬಂತು ಅನ್ನಿ, ಸಂಘದ ಹಾಲ್‌ಗೆ ಹಳೇ ಅಧ್ಯಕ್ಷರ ಚಿತ್ರಗಳೆಲ್ಲ ನಿಮಗೇ. ನನ್ನದೂ ಸೇರಿಸಿ."

ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶರಣಪ್ಪನಿಗೆ ಇದನ್ನು ಹೇಳಿದಳು. ಸಂಘದ ಹಾಲ್‌ನ ಗೋಡೆ ತುಂಬ ಅವಳ ಕೈಯ ಮುಖಗಳು. ಪ್ರತಿ ಚಿತ್ರದ ಮೂಲೆಯಲ್ಲಿ ಅವಳ ಹೆಸರು. ಅದನ್ನು ನೋಡಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ಒಮ್ಮೆ ಹೆಸರು ನಡೆಯಲು ಶುರುವಾದರೆ ಆಮೇಲೆ ಕೂಗಬೇಕಿಲ್ಲ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಕಣ್ಣು. ಫೋಟೊದಲ್ಲಿಲ್ಲದ ಕಣ್ಣನ್ನು ಎಲ್ಲಿಂದ ತರುವುದು? ಗುಂಡಪ್ಪನವರಿಗೆ ಫೋನ್ ಮಾಡಿದಳು. ಅವರು ಗುಂಡಗಿತ್ತು ಎಂದರು. ಕೃಷ್ಣವೇಣಿಯವರು, "ನನ್ನ ಮೇಲೇ ಇರ್ತಿತ್ತು ಯಾವಾಗ್ಲೂ" ಎಂದರು. ಆ ಮಾತೇ ಉಪಯೋಗಕ್ಕೆ ಬಂತು. ಸೊಸೆಯ ಮೇಲೆ ನೆಟ್ಟ, ಬೈಯಲು ಹೊರಟು ಅರ್ಧದಲ್ಲಿ ನಗೆ ಬಂದ ಕಣ್ಣು. ಮಹಾಲಕ್ಷ್ಮಿ ಬರೆದಳು, ಒರೆಸಿದಳು, ಬರೆದಳು. ಒಂದು ಮಧ್ಯಾಹ್ನ ಅಕ್ಷರಾ ಸ್ಕೂಲಿನಿಂದ ಬಂದವಳು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಅಮ್ಮ, ಈ ಅಜ್ಜಿ ನನ್ನ ನೋಡಾಕತ್ತಾರ. ಶೂಸ್ ಬಿಚ್ಚಿ ಬಾ ಅಂತಾರ."

ಮಹಾಲಕ್ಷ್ಮಿ ಕುಂಚ ಕೆಳಗಿಟ್ಟಳು. ಕಣ್ಣು ಬಂದಿತ್ತು.

ಅಕ್ಷರಾ ಅದನ್ನು ವಿಡಿಯೊ ಮಾಡಿ ಪೇಜಿಗೆ ಹಾಕಿದಳು. ಗುಂಡಪ್ಪನವರು ಮೈಸೂರಿನ ನೆಂಟರಿಗೆಲ್ಲ ತೋರಿಸಲೆಂದು ಪೇಜ್ ತೆರೆದರು. ತಾಯಿಯನ್ನು ನೋಡಿದರು. ಹೆಬ್ಬೆರಳು ಇನ್ನೂ ಕೆಳಕ್ಕೆ ಇಳಿಯಿತು. ಕಟ್ಟಕಡೆಗೆ ಮೊದಲ ಚಿತ್ರ. ಗೋಡೆಯಲ್ಲಿ ಬಾಬಾಸಾಹೇಬರು, ಕೆಳಗೆ ಅಪ್ಪ, ಹಿಂದೆ ಕೇರಿ.

ಮಾರನೆಯ ದಿನವೇ ಕರೆ ಬಂತು. ಒಂದ್ಸಲ ಬಂದು ಹೋಗಿ, ಮಾತಾಡಬೇಕು.

ಈ ಸಲ ಲೋಟ ಬರಲಿಲ್ಲ. ಕೃಷ್ಣವೇಣಿ ಕೆಳಗಿನ ಗಾಡಿಯಿಂದ ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿದ್ದರು. ಕೋಲ್ಕತ್ತದಲ್ಲಿ ಎಲ್ಲರೂ ಅದರಲ್ಲಿ ಕುಡಿಯುತ್ತಾರೆ, ಕುಡಿದು ಬೀದಿಯಲ್ಲಿ ಒಡೆಯುತ್ತಾರೆ. ಕೃಷ್ಣವೇಣಿ ಅದನ್ನು ನ್ಯೂಸ್‌ಪೇಪರ್ ತುಂಡಿನ ಮೇಲೆ ಇಟ್ಟು ದೂರ ಸರಿದರು. "ಮಣ್ಣಿನ ಘಮ ಬಂದ್ರೇನೇ ಟೀ ಅಲ್ವಾ? ಬೆಂಗಾಲ್ ಕಲ್ಚರ್ ತುಂಬ ರಿಚ್," ಎಂದರು. ಗುಂಡಪ್ಪನವರ ಕೈಯಲ್ಲಿ ಸ್ಟೀಲ್ ಲೋಟವಿತ್ತು. ಬೆಂಗಾಲ್ ಕಲ್ಚರ್ ಅವರವರೆಗೆ ತಲುಪಿರಲಿಲ್ಲ.

"ನೋಡಮ್ಮಾ, ಚಿತ್ರ ಅದ್ಭುತ," ಎಂದು ಶುರು ಮಾಡಿದರು ಗುಂಡಪ್ಪ. "ಕಣ್ಣು ಮಾತ್ರ ಅಳಿಸಿಬಿಡಿ."

"ಏನಂದ್ರಿ?"

"ಇಲ್ಲಿ ದುರ್ಗಾಪೂಜೆಗೆ ಮುಂಚೆ ದೇವಿಗೆ ಕಣ್ಣು ಬರೆಯೋ ಶಾಸ್ತ್ರ ಇದೆಯಲ್ಲ, ಚೋಕ್ಖುದಾನ್? ಸ್ನಾನ ಮಾಡಿ, ಉಪವಾಸ ಇದ್ದು ಬರೀತಾರೆ. ಎಷ್ಟು ಪವಿತ್ರ! ನಮ್ಮಲ್ಲೂ ಮಡಿ ಇದೆ. ಎರಡೂ ಸೇರಿಸಿ ಅಮ್ಮನಿಗೂ ಹಾಗೇ ಮಾಡೋಣ ಅಂತ. ಕಣ್ಣು ನಮ್ಮ ಪ್ರಸನ್ನ ಬರೀತಾನೆ."

ಪ್ರಸನ್ನ ಅವರ ಅಣ್ಣನ ಮಗ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ.

"ಅವರಿಗೆ ಚಿತ್ರ ಬರೀಲಾಕ ಬರ್ತದೇನ್ರಿ?"

"ಚಿತ್ರ ಬರಲ್ಲ. ಆದ್ರೆ ಇವತ್ತಿನವರೆಗೂ ಸಂಧ್ಯಾವಂದನೆ ಬಿಟ್ಟಿಲ್ಲ."

ಇಷ್ಟಕ್ಕೆ ಮಹಾಲಕ್ಷ್ಮಿಗೆ ಪೂರ್ತಿ ತಿಳಿಯಿತು. ಗುಂಡಪ್ಪನವರು ಎರಡು ನಾಡುಗಳಿಂದಲೂ ಆರಿಸಿ ತಂದಿದ್ದರು. ಬಾಗಿಲು ಹಾಕುವ ಶಾಸ್ತ್ರಗಳನ್ನು ಮಾತ್ರ.

"ಬೇಜಾರು ಮಾಡ್ಕೋಬೇಡಿ," ಎಂದರು ಕೃಷ್ಣವೇಣಿ. "ನಾವು ಅದನ್ನೆಲ್ಲ ನೋಡಲ್ಲ. ಅತ್ತೆ ನೋಡ್ತಿದ್ರು. ಅವರ ಆತ್ಮಕ್ಕೆ ಹಿಂಸೆ ಆಗ್ಬಾರ್ದಲ್ವಾ?"

"ಹೆಸರೂ ಬೇಡ," ಎಂದರು ಗುಂಡಪ್ಪ. "ಚಿತ್ರದ ಮೇಲೆ. ನಿಮ್ಮ ಪ್ರಚಾರಕ್ಕೇನೂ ತೊಂದರೆ ಇಲ್ಲಮ್ಮಾ. ಕೇಳಿದವರಿಗೆಲ್ಲ ಪರ್ಸನಲ್ ಆಗಿ ಹೇಳ್ತೀನಿ. ಪಬ್ಲಿಕ್ ಆಗಿ ಮಾತ್ರ ಹೇಳಲ್ಲ. ಇನ್ನೊಂದು, ನಿಮ್ಮ ಹಿತಕ್ಕೆ ಹೇಳ್ತೀನಿ. ಪೇಜಿನ ಆ ಮೊದಲನೇ ಫೋಟೊ ತೆಗೆದುಬಿಡಿ. ಮಹಾನ್ ವ್ಯಕ್ತಿ, ಎರಡು ಮಾತಿಲ್ಲ. ಆದ್ರೆ ಕಸ್ಟಮರ್ಸ್‌ಗೆ ಕನ್‌ಫ್ಯೂಸ್ ಆಗತ್ತೆ."

ಮಹಾಲಕ್ಷ್ಮಿ ಕುಡಿಕೆಯನ್ನು ತಾನೇ ಎತ್ತಿಕೊಂಡು ಕೆಳಗೆ ಇಳಿದಳು. ಚಹಾ ಕುಡಿದಿರಲಿಲ್ಲ.

ಮನೆಯಲ್ಲಿ ಶರಣಪ್ಪ ಕೇಳಿಸಿಕೊಂಡ. ಅವನ ಕೈಯ ರೊಟ್ಟಿ ತಟ್ಟೆಗೆ ಬಿತ್ತು. "ಅಳಿಸಬ್ಯಾಡ. ಹರದು ಒಗಿ."

"ಸಂಘದ ಹಾಲ್‌ನಾಗಿನ ಕೆಲಸ ಹೋಗ್ತದ."

"ಹೋಗ್ಲಿ."

"ಮುಂದ ಯಾರೂ ಕರೆಯಂಗಿಲ್ಲ."

ಅವನು ತಟ್ಟೆ ಬದಿಗೆ ಸರಿಸಿದ. ಬಾಗಿಲಲ್ಲಿ ಅಕ್ಷರಾ ನಿಂತಿದ್ದಳು. "ಏನಾತು ಅಮ್ಮ? ಅಂಕಲ್‌ಗೆ ಪೇಂಟಿಂಗ್ ಇಷ್ಟ ಆಗ್ಲಿಲ್ಲ?"

ಮಗಳಿಗೆ ಕನ್ನಡ ಮಾತಾಡುವುದಕ್ಕಿಂತ ಕೇಳಿ ತಿಳಿಯುವುದು ಚೆನ್ನಾಗಿ ಬರುತ್ತಿತ್ತು. ಆದರೂ ತಮ್ಮ ಕೇರಿಯವರನ್ನು ಊರು ಕರೆಯುತ್ತಿದ್ದ ಒಂದು ಶಬ್ದ ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಬೀಳದ ಹಾಗೆ ಇವರಿಬ್ಬರೂ ಈ ದೂರದ ಊರಿನಲ್ಲಿ ಕಾದುಕೊಂಡು ಬಂದಿದ್ದರು. "ಇಷ್ಟ ಆಗ್ಯಾದವ್ವಾ," ಎಂದಳು ಮಹಾಲಕ್ಷ್ಮಿ. "ಕಣ್ಣ ಅವರ ಮನಿಯವರೇ ಬರೀತಾರಂತ. ಪ್ರೀತಿಗೆ."

ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಬಟ್ಟೆ ತುಂಡಿಗೆ ಟರ್ಪೆಂಟೈನ್ ಹಾಕಿದಳು. ಬಣ್ಣ ಇನ್ನೂ ಹಸಿ ಇತ್ತು. ಅಕ್ಷರಾ ಚಿಕ್ಕವಳಿದ್ದಾಗ ನಿದ್ದೆಯಲ್ಲಿದ್ದವಳ ಕಾಡಿಗೆಯನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಳಲ್ಲ, ಹಾಗೆ, ಒಳಗಿನ ಮೂಲೆಯಿಂದ ಹೊರಕ್ಕೆ, ನೋವಾಗದಂತೆ ಒರೆಸಿದಳು. ಒಂದು ಕಣ್ಣು ಹೋಯಿತು. ಇನ್ನೊಂದು ಅವಳನ್ನೇ ನೋಡುತ್ತಿತ್ತು. ಅದನ್ನು ಒರೆಸುವಾಗ ಅವಳು ಬೇರೆ ಕಡೆ ತಿರುಗಿದಳು. ಕೈ ತೊಳೆದುಕೊಂಡು ಬಂದು ಅಕ್ಕಿ ಆರಿಸಲು ಕುಳಿತಳು.

ಪೇಜಿನ ಮೊದಲ ಫೋಟೊ ಮಾತ್ರ ತೆಗೆಯಲಿಲ್ಲ.

ಶನಿವಾರ ಚಿತ್ರ ಹೊತ್ತುಕೊಂಡು ಎರಡು ಬಸ್ಸು ಬದಲಿಸಿದಳು. ಮಳೆಯ ಭಯಕ್ಕೆ ಪ್ಲ್ಯಾಸ್ಟಿಕ್ ಹೊದಿಸಿ, ಹಸಿ ಬಣ್ಣಕ್ಕೆ ತಾಗದಂತೆ ನಾಲ್ಕು ಮೂಲೆಗೆ ಕಡ್ಡಿ ಕಟ್ಟಿದ್ದಳು. ಕಂಡಕ್ಟರ್ ದೊಡ್ಡ ಸಾಮಾನಿಗೆ ಜಾಗವಿಲ್ಲವೆಂದು ಕೂಗಾಡಿದ. ತೋಳು ಮರಗಟ್ಟಿದವು. ಫ್ಲ್ಯಾಟಿನ ಬಾಗಿಲಲ್ಲೇ ಕೃಷ್ಣವೇಣಿ ತಡೆದರು. "ಅಲ್ಲೇ ಒರಗಿಸಿಡಿ." ಮಹಾಲಕ್ಷ್ಮಿ ಪ್ಲ್ಯಾಸ್ಟಿಕ್ ಬಿಚ್ಚುವಷ್ಟರಲ್ಲಿ ಒಳಗಿನಿಂದ ಬಾಟಲಿ ತಂದು ಚಿತ್ರದ ಮೇಲೆ ಗಂಗಾಜಲ ಚಿಮುಕಿಸಿದರು. ಎಣ್ಣೆಬಣ್ಣ. ನೀರು ನಿಲ್ಲಲಿಲ್ಲ. ಇಂದಿರಮ್ಮನವರ ಕೆನ್ನೆಯಿಂದ ಉರುಳಿ ಉರುಳಿ ಕೆಳಗೆ ಬಿತ್ತು. ಕೃಷ್ಣವೇಣಿ ಇನ್ನೊಂದಿಷ್ಟು ಚಿಮುಕಿಸಿದರು. ಅದೂ ಉರುಳಿತು. ಕೊನೆಗೆ ಅವರು ನೆಲ ಒರೆಸಿದರು.

ಭಾನುವಾರ, ಊಟದ ದಿನ, ಹನ್ನೊಂದು ಗಂಟೆಗೆ ಫೋನ್ ಬಂತು. ಗುಂಡಪ್ಪನವರ ಭಾಷಣದ ಧ್ವನಿ ಮಾಯವಾಗಿತ್ತು.

"ತಕ್ಷಣ ಬನ್ನಿ. ಕುಂಚ, ಬಣ್ಣ ಎಲ್ಲಾ ತನ್ನಿ. ಟ್ಯಾಕ್ಸಿ ಮಾಡ್ಕೊಂಡು ಬನ್ನಿ. ಜನ ಬರ್ತಾ ಇದ್ದಾರೆ."

ಅಕ್ಷರಾಳೂ ಹೊರಟಳು. ತಾಯಿಯ ಚಿತ್ರ ಗೋಡೆಯಲ್ಲಿ ನೇತಾಡುವುದನ್ನು ವಿಡಿಯೊ ಮಾಡುವುದು ಅವಳ ಆಸೆ. ವಾಚ್‌ಮನ್ ಅವರನ್ನು ಲಿಫ್ಟಿಗೆ ಬಿಡಲಿಲ್ಲ. ಮೇಲಿನಿಂದ ಹೇಳಿದ್ದಾರೆ, ಹಿಂದಿನ ಮೆಟ್ಟಿಲು. ಕೆಲಸದವರು, ಕಸದವರು ಹತ್ತುವ ಮೆಟ್ಟಿಲು. ಐದು ಮಹಡಿ ಹತ್ತಿ ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಬಂದರು. ತೊಳೆಯದ ಹಂಡೆಗಳ ನಡುವೆ, ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಇಂದಿರಮ್ಮ ನಿಂತಿದ್ದರು.

ಪ್ರಸನ್ನ ಮಿಂದು, ಉಪವಾಸವಿದ್ದು, ಮಂತ್ರ ಹೇಳಿ ಬರೆದಿದ್ದ. ಶ್ರದ್ಧೆ ಹೆಚ್ಚಾಗಿ ಎಣ್ಣೆಯೂ ಹೆಚ್ಚಾಗಿತ್ತು. ಎಡಗಣ್ಣಿನ ಕಪ್ಪು ನಿಲ್ಲದೆ ಮೂಗಿನ ಕಡೆಗೆ ಜಾರಿತ್ತು. ಬಲಗಣ್ಣು ಚಾವಣಿ ನೋಡುತ್ತಿತ್ತು. ಹಣೆಗೆ ಗಂಧದ ಬೊಟ್ಟು, ಕೊರಳಿಗೆ ಸುಗಂಧರಾಜದ ಹಾರ. ಇಷ್ಟು ಅಲಂಕಾರದ ನಡುವೆ ಇಂದಿರಮ್ಮ ಪೆದ್ದಿಯಂತೆ ಕಾಣುತ್ತಿದ್ದರು.

ಅಕ್ಷರಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮಹಾಲಕ್ಷ್ಮಿಗೆ ನಗು ಬರಲಿಲ್ಲ. ಈ ಮುಖದ ಜೊತೆ ಎರಡು ತಿಂಗಳು ಅಡುಗೆಮನೆಯಲ್ಲಿ ಕಳೆದಿದ್ದಳು.

"ಗೋಡೆಗೆ ಹಾಕಿದ್ವಿ," ಎಂದರು ಗುಂಡಪ್ಪ. ಬೆವರುತ್ತಿದ್ದರು. "ಮೊದಲು ಬಂದವರೆಲ್ಲ ನೋಡಿಬಿಟ್ರು. ತಿದ್ದಿಸ್ತಾ ಇದೀವಿ ಅಂತ ತೆಗೆದ್ವಿ. ಅರ್ಧ ಗಂಟೇಲಿ ಮುಂಚಿನ ಥರ ಮಾಡಿಬಿಡಿ."

"ನಾ ಮುಟ್ಟಬಾರದಲ್ರಿ ಕಣ್ಣ?"

"ಶಾಸ್ತ್ರ ಆಗ್ಹೋಯ್ತಲ್ಲ! ಪ್ರಸನ್ನ ಕಣ್ಣು ಕೊಟ್ಟಾಯ್ತು. ಇನ್ನು ನೀವು ಮಾಡೋದು ಬರೀ ರಿಪೇರಿ. ರಿಪೇರಿಗೆ ಮಡಿ ಇಲ್ಲ."

ಗುಂಡಪ್ಪನವರ ಶಾಸ್ತ್ರ ಲಿಫ್ಟಿಗಿಂತ ವೇಗವಾಗಿ ಇಳಿಯಬಲ್ಲದು. ಮಹಾಲಕ್ಷ್ಮಿ ಕೈಚೀಲ ತೆರೆದು ಕುಂಚ ತೆಗೆದಳು. ಒಂದು ಕ್ಷಣ ಅವಳ ಕೈ ತಾನಾಗಿ ಮುಂದೆ ಹೋಯಿತು. ಇಂದಿರಮ್ಮನವರನ್ನು ಹಾಗೆ ಬಿಡಲು ಕೈಗೆ ಮನಸ್ಸಿರಲಿಲ್ಲ. ಕೃಷ್ಣವೇಣಿ ಒಂದು ಹರಕು ಗೋಣಿಚೀಲ ತಂದು ನೆಲಕ್ಕೆ ಹಾಕಿದರು. "ಇದರ ಮೇಲೆ ಕೂತ್ಕೊಳ್ಳಿ. ಮಗು ಅಲ್ಲೇ ಮೆಟ್ಟಿಲಲ್ಲಿ ಇರ್ಲಿ, ಅಡುಗೆಮನೆ ದಾಟೋದು ಬೇಡ."

ಮಗು ಎಂದ ಮೇಲೆ ಕೈ ನಿಂತಿತು.

ತನ್ನನ್ನು ಅಂದಾಗ ನುಂಗಿದ್ದಳು. ಲೋಟಕ್ಕೆ ನುಂಗಿದ್ದಳು, ಕಣ್ಣಿಗೆ ನುಂಗಿದ್ದಳು, ಗಂಗಾಜಲಕ್ಕೆ ನುಂಗಿದ್ದಳು. ಇದು ಗಂಟಲಲ್ಲಿ ಇಳಿಯಲಿಲ್ಲ.

"ಬರಿತೀನ್ರಿ," ಎಂದಳು. "ಹಾಲ್‌ನಾಗ ಕುಂತು ಬರಿತೀನಿ. ಎಲ್ಲಾರ ಮುಂದ. ಮೂಲ್ಯಾಗ ನನ್ನ ಹೆಸರು ಬರಿತೀನಿ. ನನ್ನ ಮಗಳು ನನ್ನ ಬಾಜೂ ಕುಂದರ್ತಾಳ."

"ಅದು ಹೇಗಾಗತ್ತಮ್ಮಾ! ಸಂಘದವರೆಲ್ಲ ಇದಾರೆ."

"ಹಂಗಾರ ಆಗಂಗಿಲ್ಲ."

"ಯೋಚನೆ ಮಾಡಿ. ಹಾಲ್‌ನ ಚಿತ್ರಗಳು..."

"ಅವನ್ನೂ ಪ್ರಸನ್ನ ಅವರ ಕಡೆ ಬರೆಸ್ರಿ. ನಿಮ್ಮದೂ ಸೇರಿಸಿ."

ಕುಂಚ ಚೀಲಕ್ಕೆ ಹಾಕಿದಳು. ಹಿಂದಿನ ಮೆಟ್ಟಿಲ ಕಡೆ ತಿರುಗಲಿಲ್ಲ. ಅಕ್ಷರಾಳ ಕೈ ಹಿಡಿದು ನೇರ ಅಡುಗೆಮನೆಗೆ ನಡೆದಳು. ಅಡುಗೆಯವನು ಹುಳಿಯ ಸೌಟು ಹಿಡಿದು ಬದಿಗೆ ಸರಿದ. "ಅಯ್ಯಯ್ಯೋ, ಆ ಕಡೆಯಿಂದ ಅಲ್ಲ!" ಎಂದು ಕೃಷ್ಣವೇಣಿ ಹಿಂದೆ ಓಡಿಬಂದರು. ಮುಟ್ಟಿ ತಡೆಯಬೇಕಿತ್ತು. ಮುಟ್ಟಲಾರದೆ ಕೈಯನ್ನು ಗಾಳಿಯಲ್ಲೇ ಆಡಿಸಿದರು. ದೇವರಮನೆಯ ಮುಂದೆ ದಾಟಿ ತಾಯಿ ಮಗಳು ಹಾಲ್‌ಗೆ ಬಂದರು.

ಹಾಲ್ ತುಂಬ ಜನ. ಸಂಘದ ಖಜಾಂಚಿ ಇದ್ದರು, ಗ್ಲೋ ಕೇಳಿದ ಹೆಂಗಸಿದ್ದಳು, ಕಿಟಕಿಯ ಬಳಿ ಬಿಳಿ ಸೀರೆ ಉಟ್ಟ ಎದುರು ಮನೆಯ ಬಂಗಾಳಿ ಮುದುಕಿ ಕುಳಿತಿದ್ದರು. ಕಟ್ಟಡದವರಿಗೆಲ್ಲ ಅವರು ಮಾಶಿಮಾ, ಎಂದರೆ ಚಿಕ್ಕಮ್ಮ. ಪ್ರಸನ್ನ ಮೂಲೆಯಲ್ಲಿ, ಬೆರಳಿನ ಕಪ್ಪು ಬಣ್ಣವನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಗೋಡೆಯಲ್ಲಿ ಬರಿ ಮೊಳೆ.

ಬೆವರಿದ ಮುಖ, ಬಣ್ಣದ ಚೀಲ, ಒಳಗಿನಿಂದ ಬಂದ ಇಬ್ಬರು. ಎಲ್ಲರೂ ತಿರುಗಿ ನೋಡಿದರು. ಮಾಶಿಮಾ ಬಂಗಾಳಿಯಲ್ಲಿ, ನೀವು ಯಾರಮ್ಮಾ ಎಂದು ಕೇಳಿದರು.

"ಆ ಚಿತ್ರ ಬರೆದೋಳ್ರಿ ನಾನು," ಎಂದಳು ಮಹಾಲಕ್ಷ್ಮಿ, ಎಲ್ಲರಿಗೂ ಕೇಳುವ ಹಾಗೆ. ಕೋಲ್ಕತ್ತಕ್ಕೆ ಬಂದ ಮೇಲೆ ಅವಳು ಇಷ್ಟು ಗಟ್ಟಿಯಾಗಿ ಕನ್ನಡ ಮಾತಾಡಿದ್ದು ಅದೇ ಮೊದಲು. "ಹೆಸರು ಮಹಾಲಕ್ಷ್ಮಿ. ಮುಖ ನಂದು. ಕಣ್ಣ ನಾ ಬರೆದಿದ್ದೆ. ಅಳಿಸು ಅಂದ್ರು, ಅಳಿಸ್ದೆ. ನೀವು ನೋಡಿದ ಕಣ್ಣ ಈ ಪ್ರಸನ್ನ ಅವರದು."

ಅಕ್ಷರಾ ತಾಯಿಯ ಮಾತನ್ನು ಬಂಗಾಳಿಯಲ್ಲಿ ಮಾಶಿಮಾಗೆ ಹೇಳಿದಳು. ಮುದುಕಿಯ ಹುಬ್ಬು ಮೇಲೇರಿತು.

"ಕ್ಯಾನೋ?" ಎಂದರು. ಅಳಿಸಿದ್ದು ಯಾಕೆ?

ಅಕ್ಷರಾ ತಾಯಿಯ ಕಡೆ ತಿರುಗಿದಳು. ಪ್ರೀತಿಗೆ ಎಂಬ ಉತ್ತರ ಅವಳ ಬಾಯಿಗೆ ಬಂದು ನಿಂತದ್ದು ಮಹಾಲಕ್ಷ್ಮಿಗೆ ಕಂಡಿತು. ಬಾಲ್ಕನಿ, ಗೋಣಿಚೀಲ, ಗಾಳಿಯಲ್ಲಿ ಆಡಿದ ಕೈ ಎಲ್ಲವನ್ನೂ ನೋಡಿದ ಮೇಲೆ ಮಗಳಿಗೆ ಆ ಉತ್ತರ ಹೇಳಲಾಗುತ್ತಿರಲಿಲ್ಲ.

"ಅಮ್ಮ, ಯಾಕ?" ಎಂದಳು. "ನಿಜ ಹೇಳು."

ಇಷ್ಟು ವರ್ಷ ಮಗಳ ಕಿವಿಗೆ ಬೀಳದಂತೆ ಕಾದ ಆ ಶಬ್ದವೇ ಇದಕ್ಕೆ ಉತ್ತರ. ಅದನ್ನು ತಾನೇಕೆ ಹೇಳಬೇಕು? ತಾನು ಮಾಡಿದ್ದಲ್ಲ. ಆ ಶಬ್ದವನ್ನು ಇಟ್ಟುಕೊಂಡವರು ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಮಹಾಲಕ್ಷ್ಮಿ ಮಗಳ ಹಣೆಯ ಕೂದಲು ಹಿಂದಕ್ಕೆ ಸರಿಸಿದಳು.

"ನಂಗ ಗೊತ್ತಿಲ್ಲವ್ವಾ," ಎಂದಳು. "ಅವರನ್ನ ಕೇಳು."

ಅಕ್ಷರಾ ದೊಡ್ಡವರಿಗೆ ಮರ್ಯಾದೆ ಕೊಟ್ಟೇ ಬೆಳೆದ ಹುಡುಗಿ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಗುಂಡಪ್ಪನವರ ಎದುರು ನಿಂತಳು. ಕಣ್ಣು ಅಳಿಸಿದ್ದು ಯಾಕೆ ಎಂದು ಮೊದಲು ಕನ್ನಡದಲ್ಲಿ ಕೇಳಿದಳು. ಅವರು ಚಾವಣಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲವೇನೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ ಹಿಂದಿಯಲ್ಲಿ. ಆಮೇಲೆ, ಇಡೀ ಹಾಲ್‌ಗೆ ಕೇಳುವಂತೆ, ಬಂಗಾಳಿಯಲ್ಲಿ.